ಸೂರ್ಯನಿಗೆ ಕೈಮುಗಿದವನು

ನಾನು ಕೆಮ್ಮಣ್ಣುಗುಂಡಿಗೆ ಜೀಪು ಓಡಿಸ್ತೀನಿ. ಮೊನ್ನೆ ಒಬ್ಬ ಪ್ರವಾಸಿ ಗುಡ್ಡದ ತುದೀಲಿ ಇಳಿದವನೇ ಸೂರ್ಯನಿಗೆ ಕೈಮುಗಿದು ನಿಂತುಬಿಟ್ಟ. ಪೂಜೆ ಅಂದ್ಕೊಂಡು ನಾನೂ ಚಪ್ಪಲಿ ಬಿಟ್ಟು ನಿಂತೆ, ಗಲಾಟೆ ಮಾಡ್ತಿದ್ದವರನ್ನ ಸುಮ್ಮನಿರಿಸಿದೆ. ಅರ್ಧ ಗಂಟೆಯಾದ್ರೂ ಅವನು ಕಣ್ಣು ಕೀಳಲಿಲ್ಲ. ಕೆನ್ನೆ ಮೇಲೆ ನೀರು ಸುರೀತಿತ್ತು. ನಾನು ಹತ್ತಿರ ಹೋಗಿ ಭುಜ ಅಲುಗಿಸಿದೆ.

"ಸ್ವಾಮಿ, ಕಣ್ಣು ಹೋಗ್ತದೆ ಕಣ್ರೀ!"

"ನಾಲಿಗೆ ಕೆಳಗೆ ನಶೆ ಕಾಗದ ಇಟ್ಕೊಂಡಿದೀನಿ ಅಣ್ಣಾ. ಸೂರ್ಯ ನನ್ನ ಹೆಸರು ಹಿಡಿದು ಕರೀತಿದಾನೆ."

ಗಾಣದೆತ್ತಿಗೆ ಕಟ್ಟೋ ಹಾಗೆ ಟವಲಿಂದ ಕಣ್ಣು ಕಟ್ಟಿ ತರೀಕೆರೆ ಆಸ್ಪತ್ರೆಗೆ ಇಳಿಸಿದೆ. ತಿರುವು ತಿರುವಿಗೂ ಟವಲು ಕೀಳೋಕೆ ಒದ್ದಾಡಿದ.

ವಾರದ ಮೇಲೆ ಫೋನ್ ಮಾಡಿದ: "ಯಾರನ್ನ ನೋಡಿದ್ರೂ ಮುಖದ ಜಾಗದಲ್ಲಿ ಕಪ್ಪು ಮಚ್ಚೆ ಅಣ್ಣಾ."

ಈಗ ಗುಡ್ಡದಲ್ಲಿ ಯಾರೇ ಕೈಮುಗಿದ್ರೂ ನಾನು ಚಪ್ಪಲಿ ಬಿಡಲ್ಲ, ಮೊದಲು ನಾಲಿಗೆ ತೋರಿಸಿ ಅಂತೀನಿ. ನಿಜವಾದ ಭಕ್ತರು ಬಾಯಿಗೆ ಬಂದಂಗೆ ಬೈತಾರೆ.