ಸುತ್ತ ಸುಲಿದ ನೇರಳೆ

ನೇರಳೆ ಮರ ಉರುಳಿದಾಗ ನನಗೆ ಹತ್ತು ತುಂಬಿತ್ತು. ಅದಾಗಿ ಅರವತ್ತೆರಡು ವರ್ಷವಾಯಿತು. ಮೊನ್ನೆ ಹುಣಸೂರಿನಲ್ಲಿ ಸಾಮಿಲ್ಲಿನ ಪಕ್ಕ ಬಸ್ಸಿಗೆ ಕಾಯುತ್ತಿದ್ದೆ. ಹಸಿ ತೊಗಟೆಯ ಒಗರು ವಾಸನೆ ಮೂಗಿಗೆ ಬಡಿದು, ನೇರಳೆ ತಿಂದ ಹಾಗೆ ನಾಲಿಗೆ ದಪ್ಪಗಾಯಿತು. ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ. ನಿಮಗೂ ಹೀಗಾಗುತ್ತದಲ್ಲ, ಯಾವುದೋ ವಾಸನೆ ಕೈಹಿಡಿದು ಇಲ್ಲದ ಮನೆಯ ಬಾಗಿಲಿಗೆ ಎಳೆದುಕೊಂಡು ಹೋಗುವುದು. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಚಂದ ಮಾಡಿ ಬರೆಯಲು ಬರುವುದಿಲ್ಲ, ಆದದ್ದನ್ನು ಬರೆಯುತ್ತೇನೆ.

ಗುರುಪುರದ ಹತ್ತಿರ ನಮ್ಮ ಮನೆ. ಅಜ್ಜಿ, ಅಪ್ಪ, ಅವ್ವ, ಚಿಕ್ಕಪ್ಪ, ಚಿಕ್ಕಮ್ಮ, ನಾನು. ಒಂದೇ ಒಲೆ. ಅಪ್ಪನೂ ಚಿಕ್ಕಪ್ಪನೂ ವಿಭೂತಿ ಹಚ್ಚಿಕೊಂಡು ಒಟ್ಟಿಗೇ ಹೊಲಕ್ಕೆ ಹೋಗಿ, ಒಟ್ಟಿಗೇ ಮುದ್ದೆಗೆ ಕೂರುತ್ತಿದ್ದರು. ಹೊಲದ ಬದುವಿನಲ್ಲಿ ಎರಡು ಮರ. ಹುಣಸೆಯ ಹೊಟ್ಟೆಯೆಲ್ಲ ಪೊಟರೆ. ಮಳೆ ಬಂದರೆ ನಾನು ಅದರೊಳಗೆ ಹೋಗಿ ಕೂರುತ್ತಿದ್ದೆ. ಆದರೂ ಅದು ವರ್ಷವೂ ಕಾಯಿ ಬಿಡುತ್ತಿತ್ತು. ನೇರಳೆ ಮಾತ್ರ ಗಟ್ಟಿ ಮರ, ತಾತ ನೆಟ್ಟದ್ದು. ಅದರ ನೆರಳಿಗೆ ರಾಗಿ ತೆನೆ ಕಟ್ಟುವುದಿಲ್ಲ, ಕಡಿಯೋಣ ಎಂದು ಚಿಕ್ಕಪ್ಪ. ನಾನಿರುವ ತನಕ ಆಗದು ಎಂದು ಅಪ್ಪ. ಉಣ್ಣಲು ಕೂತಾಗಲೆಲ್ಲ ಇದೇ ಜಗಳ.

ಹೊಟ್ಟೆ ಕೆಟ್ಟವರಿಗೆ ಅಜ್ಜಿ ನೇರಳೆ ತೊಗಟೆಯ ಕಷಾಯ ಕೊಡುತ್ತಿದ್ದಳು. ಮರಕ್ಕೆ ಕೈಮುಗಿದು, ಮೂಡಣ ಮಗ್ಗುಲಲ್ಲಿ ಮಾತ್ರ, ಮೇಲಿಂದ ಕೆಳಕ್ಕೆ ನಾಲ್ಕು ಬೆರಳಗಲ ತೆಗೆದು, ಗಾಯಕ್ಕೆ ಸಗಣಿ ಮೆತ್ತಿ ಬರುವುದು ಅವಳ ಪದ್ಧತಿ. ಮರ ಉರುಳುವುದಕ್ಕೆ ಎರಡು ವರ್ಷ ಮುಂಚೆ ಅವಳೇ ಹೊಟ್ಟೆ ಕೆಟ್ಟು ಮಲಗಿದಳು. ನನ್ನ ಕೈಗೆ ಮಚ್ಚು ಕೊಟ್ಟು ಕಳಿಸಿದಳು. ಯಾವಾಗಲೂ ಒಂದೇ ಕಡೆ ಕಿತ್ತರೆ ಮರಕ್ಕೆ ನೋವಾಗುತ್ತದೆ, ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ತೆಗೆದರೆ ಯಾವ ಕಡೆಗೂ ನೋವಿಲ್ಲ ಎಂದುಕೊಂಡು ನಾನು ಬುಡದಲ್ಲಿ ಉಡಿದಾರದ ಹಾಗೆ ಸುತ್ತ ಸುಲಿದೆ. ಒಳಗೆ ಬೆಳ್ಳಗೆ, ಲೋಳೆ ಲೋಳೆ, ಆಗ ಹುಟ್ಟಿದ ಕರುವಿನ ಮೈಯಂತೆ ಒದ್ದೆ. ಸಗಣಿ ಮೆತ್ತಿದೆ. ಅಜ್ಜಿಗೆ ವಾಸಿಯಾಯಿತು. ಆಮೇಲೆ ಅಪ್ಪ ಬುಡಕ್ಕೆ ಗೊಬ್ಬರ ಮಣ್ಣು ಏರಿಸಿದ, ಗಾಯ ಮುಚ್ಚಿತು. ಎಲೆ ಹಸಿರಾಗಿಯೇ ಇತ್ತು. ನಾನು ಮರೆತೆ.

ಮಾರನೇ ವರ್ಷ ಎಲೆ ಹಳದಿಯಾಯಿತು. ಅದರ ಮುಂದಿನ ವರ್ಷ ಮರ ಪೂರಾ ಒಣಗಿತು. ಚಿಕ್ಕಪ್ಪ ಬುಡಕ್ಕೆ ಇಂಗು ಇಟ್ಟು ಕೊಂದ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಬಂದ. ಕೊನೆಗೆ ಗರಗಸದ ಸಿದ್ದಣ್ಣನನ್ನು ಕರೆಸಿದರು. ಅವನು ಬುಡದ ಮಣ್ಣು ಕೆರೆದು, "ಯಾರಣ್ಣ ಇದು? ಬುಡದ ಸುತ್ತ ಸುಲ್ದವ್ರೆ" ಅಂದ.

"ನಾನೇ ಕಣಪ್ಪ, ಅಜ್ಜಿ ಕಷಾಯಕ್ಕೆ" ಅಂದೆ.

ಅಪ್ಪ ನನ್ನ ಕಡೆ ತಿರುಗಲೇ ಇಲ್ಲ. "ಮಗೀನ್ ಬಾಯಲ್ಲೂ ಸುಳ್ಳು ಹೇಳಿಸ್ತೀಯೇನ್ಲಾ?" ಎಂದು ಚಿಕ್ಕಪ್ಪನ ಮೇಲೆ ಹೋದ. ನಾನು ಚಿಕ್ಕಪ್ಪನ ಹೆಗಲ ಮೇಲೆ ಬೆಳೆದವಳು, ಅದಕ್ಕೇ ಮನೆಯಲ್ಲಿ ಯಾರೂ ನಂಬಲಿಲ್ಲ. ಕಳಿಸಿದ ಅಜ್ಜಿಯೂ ನಾನು ಸುತ್ತ ಸುಲಿದದ್ದನ್ನು ಕಂಡಿರಲಿಲ್ಲ.

"ನಾನ್ ಕೊಲ್ಲಂಗಿದ್ರೆ ಮನೇಲಿ ಕೊಡ್ಲಿ ಇರ್ನಿಲ್ವಾ ಅಣ್ಣ? ಇಂಗ್ ಯಾಕ್ ದಂಡ ಮಾಡ್ಲಿ?" ಅಂದ ಚಿಕ್ಕಪ್ಪ. ಸಿದ್ದಣ್ಣ ನಕ್ಕ. ಅಪ್ಪ ನಗಲಿಲ್ಲ.

ಮರ ಉರುಳಿದ ಮೇಲೆ ಸಿದ್ದಣ್ಣ ಕೊಯ್ದ ಮುಖದ ಮೇಲೆ ಅಂಗೈ ಇಟ್ಟ. ಉಂಗುರದೊಳಗೆ ಉಂಗುರ. "ನಡುವೆ ಕಪ್ಪಗಿರೋದು ಕೆಚ್ಚು. ಗಟ್ಟಿ, ಆದ್ರೆ ಸತ್ತದ್ದು ಕಣಣ್ಣ, ಮರ ನಿಲ್ಸಾಕೆ ಅಷ್ಟೆ. ಸುತ್ತ ಬೆಳ್ಳಗಿರೋದ್ರಲ್ಲಿ ನೀರು ಮೇಲಕ್ಕೆ ಏರ್ತದೆ. ಎಲೆ ಉಂಡದ್ದು ಬೇರಿಗೆ ಇಳಿಯೋದು ತೊಗಟೆ ಒಳಮೈಯಾಗೆ. ಸುತ್ತ ಸುಲಿದ್ರೆ ಬೇರು ಉಪಾಸ ಬೀಳ್ತದೆ, ನಿಧಾನಕ್ಕೆ ಸಾಯ್ತದೆ. ಮಗು ಹೇಳೋದು ದಿಟ."

"ನಮ್ಮವ್ವ ವರ್ಷವೂ ಕಿತ್ತವ್ಳೆ, ಸತ್ತಿತಾ?" ಅಪ್ಪ ಹುಣಸೆಯ ಕಡೆ ಕೈ ಮಾಡಿದ. "ಅದರ ಹೊಟ್ಟೇಲಿ ಏನೂ ಇಲ್ಲ, ಬರೀ ತೊಗಟೆ. ಅದು ಬದ್ಕೈತೆ. ಒಳಗೆಲ್ಲ ಗಟ್ಟಿ ಇರೋ ಮರ ಚರ್ಮ ಕಿತ್ರೆ ಸಾಯುತ್ತಾ? ಹೋಗ್ ಬುಡು."

ಗಟ್ಟಿಯಾದದ್ದು ಸತ್ತದ್ದು, ಲೋಳೆಯಾದದ್ದು ಜೀವ. ಒಳಗೆಲ್ಲ ಇದ್ದದ್ದು ಹೋಯಿತು, ಏನೂ ಇಲ್ಲದ್ದು ನಿಂತಿದೆ. ನಿಜ ಹೇಳಿದವಳು ಸುಳ್ಳಿ, ಮುಟ್ಟದವನು ಕಳ್ಳ. ಯಾವುದು ಎಲ್ಲಿ ಕೂಡುತ್ತದೆ ಎಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಕೆಚ್ಚಿನ ಹಲಗೆಯಲ್ಲಿ ಮಾಡಿಸಿದ ಮಣೆ ನನ್ನ ಹತ್ತಿರ ಇದೆ, ಹುಳ ಮುಟ್ಟಿಲ್ಲ. ಸತ್ತದ್ದೇ ಅಷ್ಟು ದಿನ ಬಾಳಿತು.

ಆ ಸಂಜೆ ಚಿಕ್ಕಪ್ಪ ಉಣ್ಣಲಿಲ್ಲ. ಬೆಳಕು ಹರಿಯುತ್ತಲೇ ಚಿಕ್ಕಮ್ಮನ ತವರೂರು ಕೋಟೆಯ ಕಡೆಗೆ ಗಾಡಿ ಕಟ್ಟಿದ. ಮೂರು ವರ್ಷಕ್ಕೆ ಹುಣಸೆಯೂ ಒಣಗಿತು. ಅಪ್ಪ ಅದರ ಬುಡದಲ್ಲಿ ಬಹಳ ಹೊತ್ತು ನಿಂತಿದ್ದು, ಆ ವಾರವೇ ಕೋಟೆಗೆ ಹೋದ. ಚಿಕ್ಕಪ್ಪ ನೀರು ಕೊಟ್ಟನಂತೆ, ಕೂರು ಎನ್ನಲಿಲ್ಲವಂತೆ. ಅವರಿಬ್ಬರೂ ಈಗಿಲ್ಲ. ಮನೆ ಇದ್ದ ಜಾಗದಲ್ಲಿ ಯಾರೋ ಶುಂಠಿ ಹಾಕಿದ್ದಾರೆ.

ಹುಣಸೆ ತಾನಾಗಿ ಸಾಯಲಿಲ್ಲ. ನೇರಳೆ ಉರುಳಿದ ಮಾರನೆಯ ಬೆಳಿಗ್ಗೆ, ಚಿಕ್ಕಪ್ಪನ ಗಾಡಿ ಕೆರೆಯ ಏರಿಯನ್ನು ದಾಟುವ ಮೊದಲೇ, ನಾನು ಅಜ್ಜಿಯ ಮಚ್ಚು ಹಿಡಿದು ಬದುವಿಗೆ ಹೋದೆ. ಅಪ್ಪನಿಗೆ ತೋರಿಸಬೇಕಿತ್ತು. ಅಂಗೈ ಬೊಬ್ಬೆ ಒಡೆಯುವ ತನಕ ಕೆತ್ತಿ, ಹುಣಸೆಯನ್ನು ಸುತ್ತ ಸುಲಿದೆ. ಸಗಣಿ ಮೆತ್ತಲಿಲ್ಲ.