ಅವ್ವನ ಕಣ್ಣಿಗೆ ಸಿಗುವಷ್ಟು ಕಪ್ಪು

ಅವ್ವನ ಸಕ್ಕರೆ ಕಾಯಿಲೆ ಕಣ್ಣಿನ ಪರದೆಗೆ ಇಳಿದಿದೆ ಎಂದು ಡಾಕ್ಟರು ಹೇಳಿದ ಮೇಲೆ ಮನೆಯಲ್ಲಿ ಎಲ್ಲರೂ ಒಂದೊಂದು ಕೆಲಸ ಹಿಡಿದುಕೊಂಡರು. ಅಣ್ಣ ಅವಳನ್ನು ಇಂಜೆಕ್ಷನ್ನಿಗೆಂದು ಕಲಬುರಗಿಗೆ ಕರೆದೊಯ್ಯತೊಡಗಿದ. ವೈನಿ, ಅಂದರೆ ಅಣ್ಣನ ಹೆಂಡತಿ, ಚಹಾಕ್ಕೆ ಸಕ್ಕರೆ ಹಾಕುವುದನ್ನು ನಿಲ್ಲಿಸಿ ಅವ್ವನ ಬೈಗುಳ ತಿಂದಳು. ಶಹಾಪುರದಲ್ಲಿರುವ ನನಗೆ ಸುರಪುರದ ಆ ಮನೆಯಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಬಸ್ಸು ಹತ್ತಿ ಹೋಗುವುದು, ಅವಳ ಮಂಚದ ಅಂಚಿಗೆ ಕುಳಿತು ಬರುವುದು, ಅಷ್ಟೇ.

ಹಾಗೆ ಹೋದ ಒಂದು ದಿನ ಅವ್ವ ಅಣ್ಣನ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದುಕೊಂಡಿದ್ದಳು. ಪರದೆಯ ಮೇಲೆ ಅವಳ ಉಸಿರು ಮಂಜಿನಂತೆ ಮೂಡಿ ಆರುತ್ತಿತ್ತು.

"ಏನ್ ನೋಡಾಕತ್ತಿ ಅವ್ವಾ?"

"ನಿಮ್ಮ ದೊಡ್ಡವ್ವನ್ನ ಹುಡುಕಾಕತ್ತೀನಿ. ಎಲ್ಲಾ ಹೊಗಿ ಹಿಡದಂಗ ಆಗ್ಯಾದ."

ದೊಡ್ಡವ್ವ ಎಂದರೆ ಅವ್ವನ ಒಬ್ಬಳೇ ಅಕ್ಕ. ಕೆಂಭಾವಿಯಲ್ಲಿದ್ದಾಳೆ. ಮೊಣಕಾಲು ನೋವಿನಿಂದ ಓಡಾಟ ಕಡಿಮೆ ಮಾಡಿದ್ದಾಳೆ, ಆದರೆ ಅಕ್ಕತಂಗಿಯರ ಫೋನು ಮಾತ್ರ ಒಂದು ದಿನವೂ ತಪ್ಪಿದ್ದಿಲ್ಲ.

"ದಿನಾ ಮಾತಾಡ್ತೀಯಲ್ಲ ಆಕಿ ಕೂಡ," ಎಂದೆ.

"ದನಿ ಕೇಳ್ತದವಾ. ಮಾರಿ ನೆನಪ ಮಾಡ್ಕೋಬೇಕಂದ್ರ ನಮ್ಮವ್ವನ ಮಾರಿ ಬಂದು ನಿಂದರ್ತದ. ಅಕ್ಕಂದು ಬರವಲ್ದು. ಒಮ್ಮಿ ನೋಡಿಬಿಟ್ರ ಹಿಡಕೊಂತೀನಿ."

ಮನೆಗೆ ಬಂದು ದೊಡ್ಡವ್ವನ ಮುಖ ಹುಡುಕಲೆಂದು ಹಳೆಯ ಲ್ಯಾಪ್‌ಟಾಪ್ ತೆಗೆದೆ. ಮೊದಲ ಡಿಜಿಟಲ್ ಕ್ಯಾಮೆರಾವನ್ನು ನನ್ನ ಗಂಡ ಕೊಂಡಿದ್ದು ಅಣ್ಣನ ಮನೆಯ ವಾಸ್ತುಶಾಂತಿಗೆ ಸ್ವಲ್ಪ ಮುಂಚೆ. ಆ ದಿನದ ಫೋಟೋಗಳೆಲ್ಲ ಅದರಲ್ಲಿದ್ದವು. ಒಂದರಲ್ಲಿ ದೊಡ್ಡವ್ವ ಬಾಯಿತುಂಬ ಎಲೆ ಅಡಿಕೆ ಇಟ್ಟುಕೊಂಡು ನಗುತ್ತಿದ್ದಳು. ಹಲ್ಲು ಕೆಂಪಾಗಿವೆಯೆಂದು ಆಲ್ಬಮ್ಮಿಗೆ ಹಾಕದೆ ಬಿಟ್ಟ ಫೋಟೋ ಅದು. ಫ್ಲ್ಯಾಶ್ ಬಿದ್ದು ಹಣೆ, ಕೆನ್ನೆ ಎರಡೂ ಒಂದೇ ಬಿಳುಪಾಗಿದ್ದವು. ಹಿಂದೆ ಪ್ಲಾಸ್ಟಿಕ್ ಕುರ್ಚಿಗಳು, ಶಾಮಿಯಾನದ ಕೆಂಪು ಪರದೆ, ಯಾರದೋ ಅರ್ಧ ತೋಳು.

ಫೋಟೋ ತಿದ್ದುವ ಸಾಫ್ಟ್‌ವೇರಿನ ತುಂಬ ಇಂಗ್ಲಿಷು. ಒಂದೊಂದನ್ನೂ ಓದಿ, ಎಳೆದು ನೋಡಿ, ತಪ್ಪಿದರೆ ಹಿಂದಕ್ಕೆ ಸರಿಸಿ ಕಲಿತೆ. "ನಿಮ್ಮ ಕಾನ್ವೆಂಟಿನ ಇಂಗ್ಲಿಷ್ ಕಡೀಗೂ ಉಪಯೋಗಕ್ಕ ಬಂತ್ ನೋಡು," ಎಂದು ಇವರು ಅಂದರು. ನನಗೆ ನೆನಪಾದದ್ದು ಇಂಗ್ಲಿಷ್ ಕಲಿಸಿದ ಸಿಸ್ಟರಲ್ಲ, ಚಿತ್ರ ಕಲಿಸಿದ ಸಿಸ್ಟರು. ಮೂಗನ್ನು ಬರೆಯಬೇಡಿ, ಮೂಗಿನ ಪಕ್ಕದ ನೆರಳು ಬರೆಯಿರಿ, ಮೂಗು ತಾನಾಗಿ ಬರುತ್ತದೆ ಎನ್ನುತ್ತಿದ್ದರು. ಹಾಗೇ ಮಾಡಿದೆ. ಬೇರೆಯವರು ಫೋಟೋದಲ್ಲಿ ಮುಖ ಬೆಳ್ಳಗಾಗಲಿ ಎಂದು ಯಾವ ಗೆರೆಗಳನ್ನು ಅಳಿಸುತ್ತಾರೋ, ಅವನ್ನೇ ನಾನು ಹುಡುಕಿ ಹುಡುಕಿ ಕಪ್ಪು ಮಾಡಿದೆ. ಕಣ್ಣಿನ ಗುಳಿ, ಬಾಯಿಯ ಎರಡೂ ಬದಿಯ ಮಡಿಕೆ, ಗದ್ದದ ಕೆಳಗಿನ ನೆರಳು.

ಲ್ಯಾಪ್‌ಟಾಪನ್ನು ಚೀಲದಲ್ಲಿಟ್ಟುಕೊಂಡು ಸುರಪುರಕ್ಕೆ ಹೋದೆ. ಫೋಟೋದ ಹಿಂಬದಿಯ ಗದ್ದಲವೆಲ್ಲ ಸೇರಿ ಅವ್ವನಿಗೆ ಮುಖ ಬಿಡಿಸಿ ಕಾಣುತ್ತಿರಲಿಲ್ಲ. ಒಂದೊಂದಾಗಿ ಅಳಿಸುತ್ತ ಹೋದೆ. ಅಳಿಸುವ ಮೊದಲು ಕೇಳುವುದು ಧರ್ಮವೆಂದು ಕೇಳಿದೆ.

"ಈ ಕಡೆ ಒಬ್ಬರು ನಿಂತಾರ. ತಲಿಗೆ ಪಟಗಾ ಸುತ್ಯಾರ. ತೆಗೀಲೇನು?"

"ಯಾರವಾ? ದಪ್ಪ ಹೊಟ್ಟಿ ಅದ ಏನು?"

"ಹ್ಞೂ."

"ತೆಗಿ, ತೆಗಿ. ಅಂವ ಊಟಕ್ಕಂತ ಬಂದಿದ್ದ."

"ಈ ಕಡೆ ತೋಳಷ್ಟೇ ಕಾಣ್ತದ. ಹಸರ ಬಳಿ ಅವ."

"ಅದು ನಂದೇ ಇರಬೇಕು," ಅಂದಳು. ಆಮೇಲೆ, "ಅದನ್ನೂ ತೆಗಿ. ನಂದ್ ನಾ ಯಾಕ್ ನೋಡ್ಲಿ," ಅಂದಳು.

ಕೊನೆಗೆ ಬಿಳಿಯ ಹಿನ್ನೆಲೆಯಲ್ಲಿ ದೊಡ್ಡವ್ವನ ಮುಖವೊಂದೇ ಉಳಿಯಿತು. ಬಣ್ಣ ತೆಗೆದರೆ ಇನ್ನೂ ಸ್ಪಷ್ಟವಾಗುತ್ತಿತ್ತು, ತೆಗೆದೆ. ಪರದೆಯ ಬೆಳಕು ಅವ್ವನ ಕಣ್ಣಿಗೆ ಚುಚ್ಚುತ್ತದೆ ಎಂದು ದೊಡ್ಡ ಪ್ರಿಂಟ್ ಹಾಕಿಸಲು ಯಾದಗಿರಿಯ ಸ್ಟುಡಿಯೋಗೆ ಹೋದೆ. ಸ್ಟುಡಿಯೋದವರು ನೋಡಿ, "ಅಕ್ಕಾರ, ಮಂದಿ ಬೆಳ್ಳಗ ಮಾಡ್ರಿ ಅಂತಾರ. ನೀವ್ ಮಸಿ ಬಳದೀರಲ್ರಿ," ಅಂದರು. ಆಮೇಲೆ ದನಿ ತಗ್ಗಿಸಿ, "ಕೆಳಗ ಶ್ರದ್ಧಾಂಜಲಿ ಅಂತ ಹಾಕ್ಲೇನ್ರಿ?" ಎಂದು ಕೇಳಿದರು.

"ಇಲ್ರಿ. ಅವ್ರು ಅದಾರ. ಆರಾಮ್ ಅದಾರ."

"ಮತ್ ಯಾಕ್ರಿ ಇಷ್ಟ್ ದೊಡ್ಡದು?"

ಅವರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಮ್ಮ ಕಡೆ ಒಬ್ಬರದೇ ಮುಖವನ್ನು ಅಷ್ಟು ದೊಡ್ಡದಾಗಿ ಮಾಡಿಸಿ ಗೋಡೆಗೆ ಹಾಕುವುದು ಅವರು ತೀರಿಕೊಂಡ ಮೇಲೆಯೇ. ನಾನು ಆ ಕಡೆ ಯೋಚಿಸಿರಲೇ ಇಲ್ಲ.

ಮಂಚದ ಎದುರು, ಕಿಟಕಿಯ ಬೆಳಕು ನೇರ ಬೀಳುವಲ್ಲಿ ಅಣ್ಣ ಮೊಳೆ ಹೊಡೆದ. ಅವ್ವ ಎದ್ದು ಗೋಡೆಯ ಹತ್ತಿರ ಹೋಗಿ, ತಲೆಯನ್ನು ಸ್ವಲ್ಪ ಓರೆ ಮಾಡಿ ನಿಂತಳು. ನೇರ ನೋಡಿದರೆ ಅವಳಿಗೆ ನಡುವೆ ಕಪ್ಪು ಕಲೆಯೊಂದು ಅಡ್ಡ ಬರುತ್ತದೆ, ಅದಕ್ಕೆ ಎಲ್ಲವನ್ನೂ ಓರೆಗಣ್ಣಿನಿಂದ ನೋಡುತ್ತಾಳೆ. ಬಹಳ ಹೊತ್ತು ನಿಂತಿದ್ದಳು.

"ಬಂತು," ಅಂದಳು. "ಬಾಯಾಗ ಎಲಿ ಇಟ್ಕೊಂಡು ನಗಾಕತ್ಯಾಳ. ನೋಡ್, ಹಲ್ಲ್ ನೋಡ್ ಆಕೀವು."

ವೈನಿ ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ನಾನು ಹೊರಡುವಾಗ ಮೆಲ್ಲಗೆ, "ಜೀವಂತ ಇದ್ದವ್ರದು ಹಿಂಗ ಹಾಕಬಾರ್ದಂತಾರ್ರಿ," ಎಂದಳು.

ಒಂದು ಸೋಮವಾರ ಪರಿಚಯದ ಜಂಗಮ ಅಯ್ಯನವರು ಭಿಕ್ಷೆಗೆ ಬಂದಿದ್ದಾರೆ. ಗೋಡೆ ನೋಡಿದ್ದಾರೆ. ಕೈ ಮುಗಿದು, "ಶಿವನ ಇಚ್ಛಾ ತಾಯಿ. ಪುಣ್ಯವಂತರು," ಎಂದಿದ್ದಾರೆ. ತನ್ನ ಅಕ್ಕನನ್ನು ಹೊಗಳುತ್ತಿದ್ದಾರೆಂದು ಅವ್ವ "ಹೌದ್ರಿ ಅಪ್ಪಾರ, ಭಾಳ ಪುಣ್ಯವಂತಳು," ಎಂದು ಒಪ್ಪಿಕೊಂಡಿದ್ದಾಳೆ. ಅಯ್ಯನವರು ಅಲ್ಲಿಂದ ಹೊರಟಿದ್ದು ಕೆಂಭಾವಿ ಬಸ್ಸಿಗೆ. ಸುದ್ದಿ ಅದೇ ಬಸ್ಸಿನಲ್ಲಿ ಹೋಯಿತು.

ಮರುದಿನ ಬೆಳಿಗ್ಗೆ ನನ್ನ ಫೋನು ಬಡಿದುಕೊಂಡಿತು.

"ಏನ್ವಾ ಮಗಳಾ, ನಾ ಸತ್ತೀನಂತಲ್ಲ. ನನಗೊಂದ್ ಮಾತ್ ಹೇಳಬಾರ್ದಿತ್ತೇನು?"

ದೊಡ್ಡವ್ವ. ಅವಳ ಮನೆಯ ಮುಂದೆ ಚಪ್ಪಲಿಗಳು ಬಿದ್ದಿದ್ದವಂತೆ. ಬಂದವರಿಗೆ ಅವಳೇ ಚಹಾ ಮಾಡಿ ಕೊಟ್ಟಳಂತೆ. "ಹೂವಿನ ಮಾಲಿ ತಂದಿದ್ರವಾ. ವಾಪಸ್ ಒಯ್ಯಬ್ಯಾಡ್ರಿ, ದೇವರಿಗೆ ಹಾಕ್ತೀನಿ ಅಂತ ಇಸ್ಕೊಂಡೆ," ಎಂದು ನಕ್ಕಳು. ಆ ನಗು ಎಂದಿನಷ್ಟು ಉದ್ದ ಇರಲಿಲ್ಲ.

ಆ ವಾರವೇ ಮೊಮ್ಮಗನ ಗಾಡಿಯಲ್ಲಿ ಕುಳಿತು ಸುರಪುರಕ್ಕೆ ಬಂದಳು. ನಾನೂ ಹೋಗಿದ್ದೆ. ಒಳಗೆ ಬಂದವಳು ಮೊದಲು ಗೋಡೆಯ ಮುಂದೆ ನಿಂತಳು.

"ಇದು ನಾನಾ? ಇದನ್ನ ನೋಡಿ ನಾನೇ ಅಂಜಿದೆ."

ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದಾಗ ನನ್ನನ್ನು ಕರೆದು, "ಮಗಳಾ, ಮಂದಿ ಮುಂದ ನಗ್ತೀನಿ. ಆದ್ರ ಆವತ್ತಿಂದ ಎದಿ ಡವಡವ ಅಂತದವಾ. ಅದನ್ನ ತೆಗದ್ಬಿಡು," ಎಂದಳು. ನಾನು ಹ್ಞೂ ಎಂದೆ. ಅವಳ ಹೆದರಿಕೆ ಸುಳ್ಳಲ್ಲ, ಅವ್ವನ ಆಸೆಯೂ ಸುಳ್ಳಲ್ಲ.

ದೊಡ್ಡವ್ವ ಬಂದು ಮಂಚದ ಮೇಲೆ ಅವ್ವನ ಎದುರಿಗೇ ಕುಳಿತಳು. ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಹಿಂದೆ ಬಾಗಿಲ ಬೆಳಕು. ಅವ್ವ ತಲೆಯನ್ನು ಆ ಕಡೆ ಓರೆ ಮಾಡಿದಳು, ಈ ಕಡೆ ಓರೆ ಮಾಡಿದಳು.

"ಯಾಕ, ಕಾಣವಲ್ನೇನು?"

"ದನಿ ಬರ್ತದ. ಮಾರಿ ಇದ್ದಲ್ಲಿ ಬೂದಿ ಹಚ್ಚಿದಂಗ ಅದ," ಅಂದಳು ಅವ್ವ. ಆಮೇಲೆ ಗೋಡೆಯತ್ತ ಕೈ ಮಾಡಿ, "ಅಲ್ಲಿ ಛಂದ್ ಕಾಣ್ತೀ ನೋಡು. ಇಲ್ಲಿ ಕುಂತಾಕಿ ಕಾಣವಲ್ಲಿ."

ನಾನು ಎದ್ದು ಬಾಗಿಲು ಮುಚ್ಚಿದೆ. ಲೈಟ್ ಹಾಕಿದೆ. ದೊಡ್ಡವ್ವನ ಭುಜ ಹಿಡಿದು ಕಿಟಕಿಯ ಕಡೆ ತಿರುಗಿಸಿದೆ. ಲ್ಯಾಪ್‌ಟಾಪಿನಲ್ಲಾದರೆ ಇನ್ನೆಷ್ಟೋ ಮಾಡುತ್ತಿದ್ದೆ. ಇಲ್ಲಿ ಕುಳಿತ ಮುಖಕ್ಕೆ ಏನೂ ಮಾಡಲು ಬರಲಿಲ್ಲ. ಮಾಗಿದ, ಗೋಧಿ ಬಣ್ಣದ, ಬಿಳಿ ಕೂದಲಿನೊಳಗೆ ಕರಗಿಹೋಗುವ ಮುಖ ಅದು.

ದೊಡ್ಡವ್ವ ಗೋಡೆಯ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ನನ್ನ ಕಡೆ ನೋಡಿ, "ಇರ್ಲಿ ಬಿಡು ಅದು ಗ್ವಾಡಿ ಮ್ಯಾಗ," ಎಂದಳು. "ಆದ್ರ ನಾ ಒಬ್ಬಾಕಿನೇ ಇರಾಂಗಿಲ್ಲ. ನಿನ್ನ ಮಾರೀನೂ ಹಾಕು. ಹೋಗೂದಾದ್ರ ಕೂಡೇ ಹೋಗಮು."

"ನಂದು ಬ್ಯಾಡ್ರಿ ದೊಡ್ಡವ್ವಾರ!" ಎಂದು ವೈನಿ ಒಳಗಿನಿಂದಲೇ ಕೂಗಿದಳು. ಅವ್ವ ಕೂಡ ನಕ್ಕಳು.

ನನ್ನ ಮುಖ ಹಾಕಿದೆ. ಅಣ್ಣನದೂ ಹಾಕಿದೆ. ಬಂದವರಿಗೆಲ್ಲ ವೈನಿ ಮೊದಲೇ, "ಎಲ್ಲಾರೂ ಅದಾರ್ರಿ, ಆರಾಮ್ ಅದಾರ್ರಿ," ಎಂದು ಹೇಳಿ ಒಳಗೆ ಕರೆಯುತ್ತಿದ್ದಳು. ಬೇಸಿಗೆ ಕಳೆಯುವ ಹೊತ್ತಿಗೆ ಇಂಜೆಕ್ಷನ್ ಇನ್ನು ಸಾಕು, ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದರು. ನಾನು ದೊಡ್ಡವ್ವನ ಫೋಟೋವನ್ನು ಪ್ರತಿ ಸಲ ಇನ್ನಷ್ಟು ಕಪ್ಪು ಮಾಡಿ, ಇನ್ನಷ್ಟು ದೊಡ್ಡದು ಮಾಡಿ ತರುತ್ತಿದ್ದೆ. ಕೆನ್ನೆಯ ಗೆರೆಗಳು ಹೋದವು, ಮೂಗುಬೊಟ್ಟು ಹೋಯಿತು. ಕಣ್ಣು, ಮೂಗಿನ ಒಂದು ಬದಿ, ಬಾಯಿ ಮಾತ್ರ ಇದ್ದಿಲ ಗುರುತಿನಂತೆ ಉಳಿದವು. ಅದು ದೊಡ್ಡವ್ವನೆಂದು ಗೊತ್ತಿದ್ದವರಿಗಷ್ಟೇ ಗೊತ್ತು.

ಕಳೆದ ಸಲ ಪ್ರಿಂಟಿಗೆ ಕೊಡುವ ಮೊದಲು ಲ್ಯಾಪ್‌ಟಾಪನ್ನೇ ಅವ್ವನ ಮುಂದೆ ಹಿಡಿದೆ. ಅವ್ವ ಓರೆಯಾಗಿ, ಬಹಳ ಹತ್ತಿರ ಬಂದು ನೋಡಿದಳು.

"ಇನ್ನೊಂದೀಟು ಕಪ್ಪ ಮಾಡು."

ಮಾಡುವುದು ಮುಗಿದಿತ್ತು. ಇನ್ನು ಎಳೆದರೆ ಮುಖವೆಲ್ಲ ಒಂದೇ ಮುದ್ದೆ. ಆದರೂ ಸುಮ್ಮನೆ ಒಂದೆರಡು ಕೀಲಿ ಒತ್ತಿದ ಸದ್ದು ಮಾಡಿದೆ.

"ಈಗ?"

ಅವ್ವ ಇನ್ನೂ ಸ್ವಲ್ಪ ಹೊತ್ತು ನೋಡಿದಳು.

"ಹ್ಞಾಂ," ಅಂದಳು. "ಈಗ ಬಂತು. ನೀ ದಣದಿ, ಇಡು ಅದನ್ನ."