ಕರಡಿ ಅಪ್ಪನ ಎರಡನೆಯ ಮನೆ

ಮಕ್ಕಳ ಪಿಕ್ಚರ್ ಬುಕ್ ಎಂದರೆ ಮೊಲ, ಚಂದಮಾಮ, ಕೊನೆಗೊಂದು ಮಾರಲ್, ಇಷ್ಟೇ ಇರಬೇಕು ಎನ್ನುವವರ ಜೊತೆ ನಾನು ಇವತ್ತಿಗೂ ಜಗಳಕ್ಕೆ ಸಿದ್ಧ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಚೆನ್ನೈನ ಅಣ್ಣಾ ನಗರದ ನಮ್ಮ ಫ್ಲ್ಯಾಟಿನಲ್ಲಿ ಅಂಥದ್ದೊಂದು ಜಗಳ ಆಡಿಯೇ ಬಂದವಳು.

ಆಗ ಮಗಳು ಆರು ವರ್ಷದ ಮೊಮ್ಮಗಳನ್ನು ಕರೆದುಕೊಂಡು ನನ್ನ ಜೊತೆ ಇದ್ದಳು. ಅಳಿಯ ನುಂಗಂಬಾಕ್ಕಂನಲ್ಲಿ ಬೇರೆ ಮನೆ ಮಾಡಿದ್ದ. ಡೈವೋರ್ಸ್ ಎಂಬ ಮಾತನ್ನು ಮಾತ್ರ ಯಾರೂ ಆಡುವಂತಿರಲಿಲ್ಲ. ಕೆಟ್ಟದ್ದನ್ನು ಬಾಯಿಬಿಟ್ಟು ಅಂದರೆ ಆಕಾಶದಲ್ಲಿ ಓಡಾಡುವ ಅಸ್ತು ದೇವತೆಗಳು 'ಅಸ್ತು' ಎಂದುಬಿಡುತ್ತಾರೆ, ಅದು ಆಗಿಯೇ ಹೋಗುತ್ತದೆ ಎಂಬುದು ನಮ್ಮವರ ನಂಬಿಕೆ. ಹಾಗಾಗಿ ಮಗುವಿನ ಪಾಲಿಗೆ ಅಪ್ಪ ಟೂರ್ ಹೋಗಿದ್ದ. ಅವನ ಫೋನ್ ಬಂದರೆ ಮಗಳು ಕಾರ್ಡ್‌ಲೆಸ್ ಹಿಡಿದು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಒಂದು ದಿನ ಸ್ಕೂಲಿನ ಮಿಸ್ ನನ್ನನ್ನು ಪಕ್ಕಕ್ಕೆ ಕರೆದು ಕಂಡೋಲೆನ್ಸ್ ಹೇಳಿದರು. ಅಪ್ಪ ಸತ್ತುಹೋದರೆಂದು ಮಗು ಕ್ಲಾಸಿನಲ್ಲಿ ಹೇಳಿತ್ತಂತೆ. ಹೇಳದೆ ಇನ್ನೇನು? ಹಿಂದಿನ ವರ್ಷ ನನ್ನ ಯಜಮಾನರು ತೀರಿಕೊಂಡಾಗಲೂ ತಾತ ಊರಿಗೆ ಹೋಗಿದ್ದಾರೆ ಎಂದೇ ಅವಳಿಗೆ ಹೇಳಲಾಗಿತ್ತು; ಸತ್ತರೆಂಬುದು ಆಮೇಲೆ ಹೇಗೋ ಅವಳಿಗೆ ಗೊತ್ತಾಗಿತ್ತು. ಆಗಲೂ ಅವಳು ಹಾಲ್‌ಗೆ ಕಾಲಿಟ್ಟರೆ ದೊಡ್ಡವರ ಮಾತು ನಿಲ್ಲುತ್ತಿತ್ತು. ಪುಟ್ಟ ತಲೆ ಅದನ್ನೂ ಇದನ್ನೂ ಕೂಡಿಸಿಕೊಂಡಿತ್ತು.

ಆ ವಾರವೇ ಬುಕ್ ಎಕ್ಸಿಬಿಷನ್‌ನಲ್ಲಿ ಹುಡುಕಿ ಒಂದು ಇಂಗ್ಲಿಷ್ ಪುಸ್ತಕ ತಂದೆ. ಅದರಲ್ಲಿ ಅಪ್ಪ ಕರಡಿ ತನ್ನ ಟೂತ್‌ಬ್ರಷ್ ತೆಗೆದುಕೊಂಡು ನದಿಯಾಚೆಯ ಮನೆಗೆ ಹೋಗುತ್ತದೆ. ಮರಿಗೆ ಎರಡು ಕಡೆಯೂ ಹಾಸಿಗೆ. ಯಾರೂ ಸಾಯುವುದಿಲ್ಲ, ಯಾರೂ ವಾಪಸು ಬರುವುದೂ ಇಲ್ಲ. ಮಗಳು ಪುಟ ತಿರುಗಿಸಿ ನೋಡಿ, ಈಗ ಬೇಡಮ್ಮ, ಪರೀಕ್ಷೆ ಮುಗಿಯಲಿ ಎಂದಳು. ಯುಕೆಜಿ ಪರೀಕ್ಷೆ!

ಸಂಜೆ ಯಜಮಾನರ ಅಕ್ಕ ಬಂದಿದ್ದರು. ದೀಪ ಹಚ್ಚಿ ಆಗಿತ್ತು. ನಾನು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಪುಸ್ತಕ ತೆರೆದೆ. ಅತ್ತಿಗೆ ಚಿತ್ರ ನೋಡಿದವರೇ ಕೈ ಅಡ್ಡ ಇಟ್ಟರು.

"ವಿಳಕ್ಕು ಹಚ್ಚಿರೋ ಹೊತ್ತಲ್ಲಿ ಇಂಥದ್ದು ಓದ್ತಾರೇನೇ? ಅಸ್ತು ಅಂದ್ಬಿಟ್ಟಾರು."

"ಅವನು ಹೋಗಿ ಆರು ತಿಂಗಳಾಯ್ತು ಅತ್ತಿಗೆ. ಇನ್ನು ಅಸ್ತು ಅನ್ನೋಕೆ ಏನು ಬಾಕಿ ಇದೆ?"

ಕಾನ್ವೆಂಟ್ ಓದಿದವಳ ಕೊಬ್ಬು ಎಂದು ಗೊಣಗಿದರು. ಇರಬಹುದು. ಲೌಡ್ ಅಂಡ್ ಕ್ಲಿಯರ್ ಆಗಿ ಓದಬೇಕೆಂದು ಸಿಸ್ಟರ್ಸ್ ನಮಗೆ ಕಲಿಸಿದ್ದರು. ಅಡುಗೆಮನೆಯಲ್ಲಿದ್ದ ಮಗಳಿಗೂ ಕೇಳುವಂತೆ ಕೊನೆಯ ಪುಟದವರೆಗೆ ಓದಿದೆ.

ಮಗು ನದಿಯಾಚೆಯ ಮನೆಯ ಮೇಲೆ ಬೆರಳಿಟ್ಟು ತಮಿಳಿನಲ್ಲೇ ಕೇಳಿತು: "ಅಪ್ಪಾ ಸೆತ್ತು ಪೋಗಲೆಯಾ, ಅಜ್ಜಿ?" ಅಪ್ಪ ಸತ್ತುಹೋಗಿಲ್ಲವಾ ಎಂದು.

ಅತ್ತಿಗೆ ಕೃಷ್ಣ ಕೃಷ್ಣ ಎಂದು ಕಣ್ಣು ಮುಚ್ಚಿದರು. ನಾನು ಅಡುಗೆಮನೆಯ ಕಡೆ ನೋಡಿದೆ. ಅದು ನಾನು ಹೇಳುವ ಮಾತಾಗಿರಲಿಲ್ಲ. ಮಗಳು ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

"ಇಲ್ಲ ಪುಟ್ಟಾ. ಚೆನ್ನಾಗಿದ್ದಾರೆ. ಬೇರೆ ಮನೇಲಿದ್ದಾರೆ. ಇನ್ಮೇಲೆ ಅಲ್ಲೇ ಇರ್ತಾರೆ."

ಮಗು ಅಳಬಹುದೆಂದು ನಾವೆಲ್ಲ ಕಾದೆವು. ಅವಳಿಗೆ ಬೇರೆಯೇ ಚಿಂತೆ ಇತ್ತು. ಆ ಮನೆಯ ಬಾತ್‌ರೂಮ್ ಸ್ವಿಚ್ ತನಗೆ ಎಟುಕುತ್ತದೆಯೇ ಎಂದು ಕೇಳಿದಳು.

ಗೊತ್ತಿಲ್ಲ ಎಂದಳು ಮಗಳು. ಆಮೇಲೆ ಕಾರ್ಡ್‌ಲೆಸ್ ತಂದು, ನಂಬರ್ ಒತ್ತಿ, ನಮ್ಮೆಲ್ಲರ ಮುಂದೆಯೇ ಅದನ್ನು ಮಗುವಿನ ಕೈಗೆ ಕೊಟ್ಟು, ನೀನೇ ಕೇಳು ಎಂದಳು.